ಕೈ ಎತ್ತಿ ಮುಚ್ಚಿದ ಅಂಗಡಿ

ಆ ಅಂಗಡಿಯನ್ನು ಕೊಂದದ್ದು ಅದರ ಮಾಲೀಕರೇ. ಮಾಲೀಕರೆಂದರೆ ಊರಿನವರೇ. ಕಾಲ ಕೆಟ್ಟಿತು, ಜನ ಕಡಿಮೆಯಾದರು ಎಂದು ಸಭೆಯಲ್ಲಿ ಏನೇನೋ ಹೇಳಿದರು. ನಾನು ಕಂಡದ್ದು ಇಷ್ಟೇ: ಪೇಟೆಯಿಂದ ಸಾಮಾನು ತುಂಬಿಕೊಂಡು ಬಂದ ಕಾರುಗಳನ್ನು ಅಂಗಡಿಯ ಎದುರಿಗೇ ನಿಲ್ಲಿಸಿ, ಒಳಗೆ ಬಂದು ಕಣ್ಣೊರೆಸಿಕೊಂಡರು.

ಅಕ್ಟೋಬರಿನಲ್ಲಿ ನಾನು ಚಳಿದೇಶದ ಉಮೆಯೊ ಪೇಟೆಯಲ್ಲಿ ಮಗಳು ಸುಜಾತಳ ಮನೆಯಲ್ಲಿದ್ದೆ. ಈ ದೇಶಕ್ಕೆ ಬಂದ ಮೊದಲ ವರ್ಷ ಅವಳಿಗೆ ಪೇಟೆಯಲ್ಲಿ ಮನೆ ಸಿಕ್ಕಿರಲಿಲ್ಲ. ಒಂದು ಗಂಟೆ ದೂರದ ಹಳ್ಳಿಯಲ್ಲಿ, ಊರಿನವರ ಸಹಕಾರಿ ಅಂಗಡಿಯ ಮಹಡಿಯಲ್ಲಿ ಕೋಣೆ ಕೊಟ್ಟವಳು ಬಿರ್ಗಿಟ್. ಅಂಗಡಿ ನಡೆಸುವವಳೂ ಅವಳೇ. ಅಂಗಡಿ ಇರಬೇಕೋ ಬೇಡವೋ ಎಂದು ಆ ಗುರುವಾರ ಸದಸ್ಯರ ಸಭೆ ಇತ್ತು. ಮುಚ್ಚಿದರೆ ಕಟ್ಟಡ ಮಾರುತ್ತಾರೆ, ಮಹಡಿಯ ಮನೆಯೂ ಹೋಗುತ್ತದೆ. ಬಿರ್ಗಿಟ್ ಹುಟ್ಟಿದ್ದು ಆ ಮನೆಯಲ್ಲಿ. ಗಂಡನಿಲ್ಲ, ಮಕ್ಕಳಿಲ್ಲ.

ಸುಜಾತ ರಜೆ ಹಾಕಿದಳು. ಬಸ್ಸಿಗೆ ಇಬ್ಬರಿಗೂ ಸೇರಿ ಆದ ದುಡ್ಡಿನಲ್ಲಿ ನಮ್ಮ ಮನೆಮಂದಿಯೆಲ್ಲ ಧರ್ಮಸ್ಥಳಕ್ಕೆ ಹೋಗಿಬರಬಹುದು. ಒಳಗೆ ಬೆಚ್ಚಗಿತ್ತು. ಚಪಾತಿ ಪಲ್ಯ ಬಿಚ್ಚಿದೆ. ಬಸ್ಸಿನಲ್ಲಿ ತಿಂದದ್ದು ನಾನೊಬ್ಬಳೇ. ಹೊರಗೆ ನದಿ, ಎಲೆ ಉದುರಿದ ಬಿಳಿ ಮರಗಳು, ಮತ್ತೆ ನದಿ.

“ನಂಗೂ ವೋಟ್ ಉಂಟಮ್ಮ. ಮೆಂಬರ್ ಅಲ್ವಾ ನಾನು” ಎಂದಳು.

“ಅಲ್ಲಿ ಸಾಮಾನು ಕೊಂಡು ಎಷ್ಟು ಸಮಯ ಆಯ್ತು?”

ಕಿಟಕಿಯ ಕಡೆ ನೋಡಿದಳು. “ಎರಡು ವರ್ಷ ಆಯ್ತೇನೋ. ಟೈಮ್ ಎಲ್ಲುಂಟು?”

“ಹಾಗಾದ್ರೆ ನಿನ್ನ ವೋಟು ಆಗಲೇ ಹಾಕಿ ಆಗಿದೆ ಮಾರಾಯ್ತಿ.”

ಬಿರ್ಗಿಟ್ ನನಗಿಂತ ನಾಲ್ಕೈದು ವರ್ಷ ಚಿಕ್ಕವಳು. ಕೆಂಪು ಕೆನ್ನೆ, ದಪ್ಪ ಕೈ. ಅಂಗಡಿಯ ಗೋಡೆಯ ಮೇಲೆ ಮರದ ಮಿಲ್ಲಿನ ಕೂಲಿಗಳ ಫೋಟೋ ತೋರಿಸಿದಳು. ಅದರಲ್ಲಿ ಅವಳ ಅಜ್ಜ ಇದ್ದಾನೆ. ಅವಳು ಹೇಳಿದ್ದನ್ನು ಸುಜಾತ ಕನ್ನಡದಲ್ಲಿ ಹೇಳಿದಳು. ಆಗ ಊರಿನಲ್ಲಿ ಇದ್ದದ್ದು ಮಿಲ್ಲಿನ ಯಜಮಾನನ ಅಂಗಡಿ ಒಂದೇ. ಹುಳ ಬಿದ್ದ ಹಿಟ್ಟು, ಅವನು ಹೇಳಿದ್ದೇ ಕ್ರಯ, ಸಂಬಳದಲ್ಲೇ ಮುರಿದುಕೊಳ್ಳುವುದು. ಇಂಗ್ಲೆಂಡಿನಲ್ಲಿ ಬಡ ನೇಕಾರರು ಚಿಲ್ಲರೆ ಕೂಡಿಸಿ ತಮ್ಮದೇ ಅಂಗಡಿ ಇಟ್ಟಿದ್ದಾರೆ, ಕಲಬೆರಕೆ ಇಲ್ಲ, ತೂಕದಲ್ಲಿ ಮೋಸ ಇಲ್ಲ, ಲಾಭ ಬಂದರೆ ಕೊಂಡವರಿಗೇ ಪಾಲು ಎಂಬ ಸುದ್ದಿ ಇಲ್ಲಿಗೂ ಬಂತಂತೆ. ಇವರೂ ಒಟ್ಟಿಗೆ ಹಿಟ್ಟಿನ ಮೂಟೆ ತರಿಸಿ ಶುರು ಮಾಡಿದರು. ಗರಗಸಕ್ಕೆ ಕೈ ಹೋದವನ ಮನೆಯ ಒಲೆ ಆರದ ಹಾಗೆ ಎಲ್ಲರೂ ಸೇರಿ ನೋಡಿಕೊಂಡರು.

ನೇಕಾರರು ಎಂದಾಗ ನನ್ನ ಕಿವಿ ನೆಟ್ಟಗಾಯಿತು. ನನ್ನ ಗಂಡ ಮಗ್ಗದವರು. ನೂಲಿನ ಸಾಹುಕಾರನ ಕೈಯಿಂದ ನಮ್ಮನ್ನು ಬಿಡಿಸಿದ್ದು ನಮ್ಮೂರಿನ ನೇಕಾರರ ಸೊಸೈಟಿ. ಅದೂ ಹೀಗೇ ಹೋಯಿತು. ನಮ್ಮ ಹೆಂಗಸರೇ ಮಿಲ್ಲಿನ ಸೀರೆ ಉಟ್ಟುಕೊಂಡು ಸೊಸೈಟಿಯ ಮೀಟಿಂಗಿಗೆ ಬರುತ್ತಿದ್ದರು. ಕೊನೆಗೆ ಮಗ್ಗ ಬಚ್ಚಲೊಲೆಗೆ ಸೌದೆಯಾಯಿತು.

ಸಭೆ ಕಪಾಟುಗಳ ನಡುವೆಯೇ ನಡೆಯಿತು. ಒಬ್ಬ ಗಡ್ಡದವನು ಚಿಕ್ಕಂದಿನಲ್ಲಿ ಇಲ್ಲಿ ಮಿಠಾಯಿ ತಿಂದದ್ದನ್ನು ಬಹಳ ಹೊತ್ತು ಹೇಳಿದ, ಆಮೇಲೆ ಮುಚ್ಚುವುದಕ್ಕೆ ಕೈ ಎತ್ತಿದ. ಉಳಿಸಲು ಎತ್ತಿದವರು ಕೆಲವರೇ. ಸುಜಾತ ಎತ್ತಿದಳು, ಬಿರ್ಗಿಟ್ ಎತ್ತಿದಳು. ಕೈಗಳನ್ನು ಎಣಿಸಿದವಳೂ ಬಿರ್ಗಿಟ್ಟೇ. ಎಣಿಸಿ, ಎಲ್ಲರಿಗೂ ಕಾಫಿ ಕೊಟ್ಟಳು. ಮುಚ್ಚಬೇಕು ಅಂದವರಿಗೆ ಮೊದಲು.

ಹೊರಡುವಾಗ ಅವಳ ಕೈ ಹಿಡಿದು “ಬರ್ತೇನೆ” ಅಂದೆ. ಹೊಸಿಲು ದಾಟುವಾಗ ಬೇರೇನು ಅನ್ನುತ್ತಾರೆ? ಸುಜಾತ ಅದನ್ನು ಅವಳ ಭಾಷೆಯಲ್ಲಿ ಇದ್ದದ್ದು ಇದ್ದ ಹಾಗೇ ಹೇಳಿದಳು. ಬಿರ್ಗಿಟ್ ಏನೋ ಕೇಳಿದಳು, ನಾನು ತಲೆಯಾಡಿಸಿದೆ. ಬೆಳಿಗ್ಗೆಯಿಂದ ಅವಳು ನಕ್ಕದ್ದು ಆಗ ಮಾತ್ರ.

ಬಸ್ಸಿನಲ್ಲಿ ಸುಜಾತ ತಲೆ ತಗ್ಗಿಸಿಕೊಂಡಳು. “ನಾಳೆಯಾ ಅಂತ ಕೇಳಿದ್ಲು ಅಮ್ಮ. ನೀನು ತಲೆ ಆಡಿಸಿದೆ. ಆ ಮುಖ ನೋಡಿ ಅಲ್ಲ ಅನ್ಲಿಕ್ಕೆ ನಂಗಾಗ್ಲಿಲ್ಲ. ಫೋನ್ ಮಾಡಿ ಹೇಳ್ತೇನೆ ಬಿಡು, ಅದು ನಮ್ಮಲ್ಲಿ ಸುಮ್ನೆ ಮರ್ಯಾದೆಗೆ ಹೇಳುವ ಮಾತು ಅಂತ.”

“ಬೇಡ. ಮರ್ಯಾದೆ ಮಾತು ಇವತ್ತು ಅವಳು ಬೇಕಾದಷ್ಟು ಕೇಳಿದ್ದಾಳೆ.”

ಮರುದಿನ ಬೆಳಿಗ್ಗೆ ಒಬ್ಬಳೇ ಮೊದಲ ಬಸ್ಸು ಹತ್ತಿದೆ. ಸುಜಾತ ಡ್ರೈವರಿಗೆ ಊರಿನ ಹೆಸರು ಹೇಳಿ ಇಳಿದಳು. ರಾತ್ರಿಯ ಇಬ್ಬನಿ ನೆಲದ ಮೇಲೆ ಹೆಪ್ಪುಗಟ್ಟಿತ್ತು. ಬಸ್‌ಸ್ಟಾಪಿನಿಂದ ಬಾಗಿಲವರೆಗೆ ನನ್ನ ಕಾಲು ಜಾರದ ಹಾಗೆ ಬಿರ್ಗಿಟ್ ಮರಳು ಹಾಕಿಟ್ಟಿದ್ದಳು. ಅವಳ ಭಾಷೆ ನನಗಿಲ್ಲ, ನನ್ನದು ಅವಳಿಗಿಲ್ಲ. ಕಿಟಕಿಯ ಪಕ್ಕ ಕೂತು ಕಾಫಿ ಕುಡಿದೆವು. ಕಾರುಗಳು ಪೇಟೆಯ ಕಡೆ ಹೋಗುತ್ತಿದ್ದವು. ಒಂದೂ ನಿಲ್ಲಲಿಲ್ಲ. ಆಲೂಗಡ್ಡೆ ಕೊಂಡೆ, ತೂಗಿದ ಮೇಲೆ ಲೆಕ್ಕಕ್ಕಿಲ್ಲದೆ ಇನ್ನೆರಡನ್ನು ಚೀಲಕ್ಕೆ ಹಾಕಿದಳು.

ಬಸ್ಸು ಬಂತು. ಬಾಗಿಲಲ್ಲಿ ಅವಳ ಕೆನ್ನೆ ಮುಟ್ಟಿ, ಬದುಕಿನಲ್ಲಿ ಯಾರ ಮನೆಯಲ್ಲೂ ಆಡದ ಮಾತು ಆಡಿದೆ.

“ಹೋಗ್ತೇನೆ.”