ಡಂಬಳದ ದಾರಿಯಲ್ಲಿ ನಿಂತ ಕಾರು

ಮೊನ್ನೆ ಬೆಳಿಗ್ಗೆ ರೊಟ್ಟಿಗೆಂದು ಶೇಂಗಾ ಹಿಂಡಿ ಮಾಡುವಾಗ ಮಿಕ್ಸರ್ ಗುರ್ ಎಂದು ನಿಂತಿತು. ಹಿಂದೆಯೇ ಸುಟ್ಟ ವೈರಿನ ವಾಸನೆ ಅಡುಗೆಮನೆ ತುಂಬಿತು. ಬೇರೆಯವರಾದರೆ ಕಿಟಕಿ ತೆರೆದು ಕೆಲಸ ಮುಂದುವರಿಸುತ್ತಿದ್ದರು. ನಾನು ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತೆ. ಆ ವಾಸನೆ ಬಂದರೆ ನನಗೆ ಮೈಕ್‌ಸೆಟ್ ಕಾಕಾ ನೆನಪಾಗುತ್ತಾರೆ...

ಗದಗಿನ ಬೆಟಗೇರಿಯಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮದುವೆಯಿರಲಿ, ಸೀಮಂತವಿರಲಿ, ಓಣಿಯಲ್ಲಿ ಮೈಕು, ದೀಪದ ಸರ ಅವರದೇ. ಅವರ ಹೆಂಡತಿಯನ್ನು ನಾನು ಕಾಕು ಎನ್ನುತ್ತಿದ್ದೆ. ಹರೆಯದಲ್ಲಿ ಹತ್ತಿ ಜಿನ್ನಿನ ಕಾರ್ಖಾನೆಯಲ್ಲಿ ದುಡಿದಿದ್ದ ಕಾಕುವಿನ ಎದೆಯಲ್ಲಿ ಆ ಧೂಳು ಉಳಿದುಬಿಟ್ಟಿತ್ತು. ಮಾತಿನ ನಡುವೆ ನಿಂತು ಉಸಿರು ಹುಡುಕುತ್ತಿದ್ದರು. ಔಷಧಿಯನ್ನು ಹಬೆಯಂತೆ ಮೂಗಿಗೆ ಕೊಡುವ ಕರೆಂಟಿನ ಮಷೀನು ಹಾಸಿಗೆಯ ಪಕ್ಕದಲ್ಲೇ ಇರಬೇಕಾಗಿತ್ತು.

ಕಾಕುವಿನ ತವರು ತುಂಗಭದ್ರೆಯ ದಂಡೆಯ ಕೊರ್ಲಹಳ್ಳಿ. ಬಸ್ಸು ಹತ್ತುವುದು ಅವರಿಂದ ಆಗದಾಗ ಕಾಕಾ ಲಕ್ಷ್ಮೇಶ್ವರದ ಒಬ್ಬ ಕಿರಾಣಿ ವ್ಯಾಪಾರಿಯಿಂದ ಹಳೆಯ ಸಣ್ಣ ಕಾರೊಂದನ್ನು ಕೊಂಡು ತಂದರು. ಗುಂಡನೆಯ ದೀಪ, ಸ್ಟಿಯರಿಂಗಿನ ಬಗಲಲ್ಲೇ ಗೇರು. ನಾವು ಚಿಕ್ಕವರಿದ್ದಾಗ ಊರಿನ ದೊಡ್ಡ ಮನುಷ್ಯರು ಓಡಾಡುತ್ತಿದ್ದಂಥದ್ದು. ಕೆನೆಬಣ್ಣ ಹೊಸದಾಗಿ ಹೊಳೆಯುತ್ತಿತ್ತು. ಓಣಿಯ ಜನ ಬಂದು ಕೈಯಾಡಿಸಿ ಹೋದರು.

ಕಾರು ಬಂದ ಮೇಲೆ ಕಾಕಾ ಸುಮ್ಮನೆ ಕೂಡಲಿಲ್ಲ. ಹಿಂದಿನ ಸೀಟಿಗೆ ಗಾಳಿ ಬರಲೆಂದು ಪುಟ್ಟ ಫ್ಯಾನು, ಕಾಕು ಗುಳಿಗೆ ಹುಡುಕಿಕೊಳ್ಳಲು ಒಂದು ದೀಪ, ಮುಂದೆ ಎರಡು ದೊಡ್ಡ ಲೈಟು. ಕೊನೆಗೆ ಬ್ಯಾಟರಿಯಿಂದಲೇ ಔಷಧಿಯ ಮಷೀನು ನಡೆಯುವಂತೆ ಇನ್ವರ್ಟರ್ ಕೂಡಿಸಿದರು.

"ಇದು ಕಾರೋ, ನಿಮ್ಮ ಮೈಕ್‌ಸೆಟ್ ಪೆಟ್ಟಿಗಿಯೋ?" ಎಂದು ಕಾಕು ನಗುತ್ತಿದ್ದರು.

"ನಿನ್ನ ಸಲುವಾಗಿ ದವಾಖಾನಿ ಮಾಡೇನಿ ಲೇ. ಇನ್ನ ಎಲ್ಲಿಗಿ ಬೇಕಾದ್ರೂ ನಡಿ" ಎನ್ನುತ್ತಿದ್ದರು ಕಾಕಾ. ಅಂಥ ಖುಷಿಯನ್ನು ನಾನು ಅವರ ಮುಖದಲ್ಲಿ ಹಿಂದೆ ಕಂಡಿರಲಿಲ್ಲ.

ಆ ಬೇಸಿಗೆಯಲ್ಲಿ ಅವರು ಕೊರ್ಲಹಳ್ಳಿಗೆ ಹೊರಟರು. ಮುಂಡರಗಿಯಲ್ಲಿ ನನ್ನ ಅಕ್ಕನ ಮನೆ. ನನ್ನನ್ನು ಅಲ್ಲಿಳಿಸಿ ಮುಂದೆ ಹೋಗಿ, ಮಧ್ಯಾಹ್ನ ಬರುವಾಗ ಹತ್ತಿಸಿಕೊಂಡರು. ಕಾಕುವಿನ ಸೀರೆಯ ಅಂಚು ಇನ್ನೂ ಒದ್ದೆಯಿತ್ತು.

"ಹೊಳ್ಯಾಗ ಕಾಲಿಟ್ಟು ಬಂದೇನವಾ" ಎಂದರು, ಸಣ್ಣ ಹುಡುಗಿಯ ಹಾಗೆ.

ಡಂಬಳ ಇನ್ನೂ ದೂರವಿತ್ತು. ಕಾಕುವಿಗೆ ಮೇಲುಸಿರು ಹತ್ತತೊಡಗಿತು. ಕಾಕಾ ಮಷೀನು ಚಾಲು ಮಾಡಿದರು. ಫ್ಯಾನೂ ತಿರುಗುತ್ತಿತ್ತು. ಸ್ವಲ್ಪ ಹೊತ್ತಿಗೆ ಕಾಲ ಬುಡದಿಂದ ವಾಸನೆ ಬಂತು, ಆಮೇಲೆ ಹೊಗೆ. ಕಾರು ಎರಡು ಸಲ ಎಳೆದಾಡಿ ನಿಂತಿತು. ಮಷೀನೂ ನಿಂತಿತು.

ನಾನು ಕಾಕುವನ್ನು ಹೊರಗಿಳಿಸಿ ಬೇವಿನ ಗಿಡದ ನೆರಳಿನಲ್ಲಿ ಒರಗಿಸಿಕೊಂಡೆ. ಕಾಕಾ ಬಗ್ಗಿ, ಬರಿಗೈಯಿಂದಲೇ ಕಾದ ವೈರುಗಳನ್ನು ಹಿಡಿದೆಳೆದರು. ಕರಗಿದ ಪ್ಲಾಸ್ಟಿಕ್ ಅಂಗೈಗೆ ಅಂಟಿಕೊಂಡಿತು. ಅದರ ಪರಿವೆಯಿಲ್ಲದೆ ರಸ್ತೆಯ ನಡುವೆ ನಿಂತು ಎರಡೂ ಕೈಯೆತ್ತಿ ಕೂಗಿದರು. "ನಿಲ್ಲಸ್ರಿ... ಯಪ್ಪಾ, ನಿಲ್ಲಸ್ರೀ..."

ನಾನು ಆಂಬುಲೆನ್ಸಿಗೆ ಫೋನು ಮಾಡಿದ್ದೆ. ಅದಕ್ಕಿಂತ ಮೊದಲು ಒಂದು ಟಂಟಂ ಆಟೋ ಬಂತು. ಕಾಕುವನ್ನು ಅದರಲ್ಲಿ ಮಲಗಿಸಿ ತಲೆಯನ್ನು ತೊಡೆಯ ಮೇಲಿಟ್ಟುಕೊಂಡೆ. ಕಾಕಾ ಮುಂದೆ ಡ್ರೈವರನ ಬಗಲಲ್ಲಿ ಕುಳಿತು "ಜಲ್ದಿ, ಜಲ್ದಿ" ಎನ್ನುತ್ತಿದ್ದರು. ಕಾಕುವಿನ ತುಟಿ ಅಲುಗಿತು. ಕಿವಿಯಿಟ್ಟು ಕೇಳಿದೆ.

"ಅವರ ಕೈ ಸುಟ್ಟೈತಿ... ನೋಡವಾ."

ಗದಗ ಮುಟ್ಟುವ ಮೊದಲೇ ಅವರು ಹೋಗಿಬಿಟ್ಟರು.

ಮಣ್ಣು ಮಾಡಿದ ಮೇಲೆ ಕಾಕಾ ಕಾರನ್ನು ಎಳೆಸಿ ತಂದು ಒಬ್ಬ ಮೆಕ್ಯಾನಿಕನ ಮುಂದೆ ನಿಲ್ಲಿಸಿದರು. ರಿಪೇರಿಗಲ್ಲ. ಬಿಚ್ಚಿ ನೋಡಲಿಕ್ಕೆ. ಅವರೊಬ್ಬರನ್ನೇ ಕಳಿಸಲು ಮನಸ್ಸಾಗದೆ ನಾನೂ ಹೋಗಿದ್ದೆ. ಮೆಕ್ಯಾನಿಕ್ ಕಾಲಡಿಯ ಹಾಸು ಕಿತ್ತ. ಕೆಳಗೆ ತುಕ್ಕು ತಿಂದ ತಳಕ್ಕೆ ತಗಡು ಹೊಡೆದು, ಮೇಲೆ ಸಂದು ಮುಚ್ಚುವ ಲಪ್ಪ ಬಳಿದು, ಬಣ್ಣ ಹಚ್ಚಿದ್ದರು. ಅದರೊಳಗೆ ಹಾದುಹೋದ ವೈರುಗಳು ಹಿಂದೆಯೂ ಒಮ್ಮೆ ಸುಟ್ಟಿದ್ದವು. ಸುಟ್ಟಲ್ಲಿ ತುಂಡರಿಸಿ, ಬರೀ ಹೊಸೆದು, ಟೇಪು ಸುತ್ತಿದ್ದರು. ಕಾಕಾ ತಾವು ಹಾಕಿದ್ದಕ್ಕೆಲ್ಲ ಫ್ಯೂಸು ಇಟ್ಟಿದ್ದರು, ನಿಜ. ಆದರೆ ಆ ಫ್ಯೂಸಿಗೆ ಕರೆಂಟು ಬರುತ್ತಿದ್ದದ್ದೇ ಈ ಕೊಳೆತ ಗಂಟುಗಳಿಂದ.

"ನಾ ಹಾಕಿದ್ದು ಸುಟ್ಟೈತೋ, ಹಳೇದು ಸುಟ್ಟೈತೋ? ಖರೆ ಹೇಳು" ಎಂದರು ಕಾಕಾ.

ಮೆಕ್ಯಾನಿಕ್ ತಲೆ ಎತ್ತಲಿಲ್ಲ. "ಹಳೇ ಜೋಡಣಿ ಮೊದ್ಲ ಸೋತಿತ್ರಿ ಕಾಕಾ. ಹಂಗ ಬಿಟ್ಟಿದ್ರ ಇನ್ನೂ ಒಂದಿಷ್ಟು ವರ್ಷ ನಡೀತಿತ್ತೇನೋ. ಮ್ಯಾಲ ಭಾರ ಬಿತ್ತು."

ಆ ಮಾತಿನಲ್ಲಿ ಅವರು ಕೊನೆಯದನ್ನಷ್ಟೇ ಎತ್ತಿಕೊಂಡರು. ಲಕ್ಷ್ಮೇಶ್ವರಕ್ಕೂ ಹೋಗಿ ಬಂದರು. ಬೈಯಲೆಂದು ಹೋದವರು ಸುಮ್ಮನೆ ಮರಳಿದರು. ಆ ವ್ಯಾಪಾರಿ, ತಾನೂ ಶಿರಹಟ್ಟಿಯಲ್ಲಿ ಬಣ್ಣ ನೋಡಿಯೇ ಕೊಂಡದ್ದೆಂದು ಕಣ್ಣೀರು ಹಾಕಿದನಂತೆ. "ಯಾರ ಮ್ಯಾಲ ಸಿಟ್ಟಾಗ್ಲಿ?" ಎಂದು ನನ್ನನ್ನೇ ಕೇಳಿದರು.

ಅವರಿಗೆ ಸಮಾಧಾನವಾದೀತೆಂದು ಒಂದು ಸಂಜೆ ಕಾಕು ಕೊನೆಗೆ ಆಡಿದ ಮಾತು ಹೇಳಿದೆ. ನಿಮ್ಮ ಮೇಲೆ ಸಿಟ್ಟಿರಲಿಲ್ಲ, ನಿಮ್ಮ ಕೈಯದೇ ಚಿಂತೆಯಿತ್ತು ಎಂದೆ. ಕಾಕಾ ಪಟ್ಟಿ ಕಟ್ಟಿದ ಅಂಗೈಯನ್ನು ನೋಡಿಕೊಂಡರು.

"ಉಸಿರಿಲ್ದಾಕಿ... ಇದ್ದ ಒಂದು ಉಸಿರನ್ನೂ ನನ್ನ ಸಲುವಾಗಿ ಕಳದ್ಲಲ್ಲವಾ" ಎಂದು ಗೋಡೆಗೆ ಹಣೆ ಹಚ್ಚಿ ಅತ್ತರು.

ಆಮೇಲೆ ಅವರು ಯಾರ ಮನೆಗೂ ದೀಪ ಕಟ್ಟಲಿಲ್ಲ. ತಮ್ಮ ಮನೆಯ ಫ್ಯೂಸನ್ನೂ ಕಿತ್ತಿಟ್ಟು ಚಿಮಣಿ ಹಚ್ಚಿಕೊಂಡು ಇದ್ದರು. ನಾನು ಊಟ ಒಯ್ದರೆ ಕೃತಜ್ಞತೆಯಿಂದ ತೆಗೆದುಕೊಳ್ಳುತ್ತಿದ್ದರು. ತಿನ್ನುತ್ತಿದ್ದರೋ ಇಲ್ಲವೋ... ಮುಂದಿನ ಬೇಸಿಗೆಯವರೆಗೆ ಅವರು ಉಳಿಯಲಿಲ್ಲ.

ಈಗ ಆ ಮನೆಯಲ್ಲಿ ಬೇರೆಯವರಿದ್ದಾರೆ, ಒಳ್ಳೆಯ ಜನ. ಕಟ್ಟೆಯ ಮೇಲೆ ಕುಳಿತ ನನ್ನನ್ನು ಕಂಡು ಆ ಮನೆಯ ಸೊಸೆ, "ಯಾಕ್ರೀ ಅಕ್ಕಾರ, ಆರಾಮ ಇಲ್ಲೇನ್ರಿ?" ಎಂದಳು. ಏನೂ ಇಲ್ಲ ಎಂದೆ. ಅವಳಿಗೆ ಹೇಳಲು ಎಲ್ಲಿಂದ ಶುರು ಮಾಡಲಿ? ಕಾಕುವಿನ ಆ ಮಾತನ್ನು ನನ್ನಲ್ಲೇ ಇಟ್ಟುಕೊಂಡಿದ್ದರೆ ಕಾಕಾ ಇನ್ನೂ ಸ್ವಲ್ಪ ಕಾಲ ಬದುಕುತ್ತಿದ್ದರೇನೋ. ಅಥವಾ ಹಾಗೂ ಆಗುತ್ತಿರಲಿಲ್ಲವೇನೋ. ಕೇಳೋಣವೆಂದರೆ ಗೋಡೆಯ ಆಚೆ ಅವರಿಬ್ಬರೂ ಇಲ್ಲ.