ದಾಕ್ಷಾಯಣಮ್ಮನವರ ಬ್ಯಾಟರಿ ದೋಣಿ

ಬಳೇಪೇಟೆಯ ಬಳೆ ಅಂಗಡಿಯನ್ನು ಮಗ ಈಶ್ವರನಿಗೆ ಒಪ್ಪಿಸಿ, ಮಲ್ಲೇಶ್ವರದ ಕೆರೆಯಲ್ಲಿ ದೋಣಿ ನಡೆಸುವ ಗುತ್ತಿಗೆ ಹಿಡಿದವರು ದಾಕ್ಷಾಯಣಮ್ಮ. ‘ಇಷ್ಟು ವರ್ಷ ಕಂಡೋರ ಕೈ ನೋಡಿದ್ದಾಯ್ತು, ಇನ್ನು ನೀರು ನೋಡ್ತೀನಿ’ ಎಂದರಂತೆ. ತುಳಿಯುವ ದೋಣಿಗಳ ನಡುವೆ ಬ್ಯಾಟರಿಯಿಂದ ಓಡುವ ದೋಣಿಯೂ ಒಂದಿತ್ತು. ಅವರಿಗೆ ಅದು ಮನೆಮಗಳು.

ನಾನಾಗ ಯುಪಿಎಸ್ ಮಾರುತ್ತಿದ್ದೆ. ಕೊರಳಲ್ಲಿ ಟೈ, ಕಂಕುಳಲ್ಲಿ ಬ್ರೋಷರು. ಬ್ಯಾಟರಿ ಕೆಟ್ಟರೆ ಸರ್ವಿಸ್‌ನವರಿಗೆ ಫೋನ್ ಮಾಡಬೇಕೆಂಬುದೇ ನನ್ನ ಪೂರ್ತಿ ತಾಂತ್ರಿಕ ಜ್ಞಾನ. ಆದರೆ ನನ್ನಜ್ಜಿ ಜಾನಕಮ್ಮ ‘ನಮ್ ಆತ್ರೇಯ ಬ್ಯಾಟರಿ ಎಕ್ಸ್‌ಪರ್ಟು’ ಎಂದು ಕೆರೆ ಏರಿಯುದ್ದಕ್ಕೂ ಸಾರಿಬಿಟ್ಟಿದ್ದಳು.

ಅಜ್ಜಿಗೆ ಮಂಡಿನೋವು, ತುಳಿಯಲಾರಳು. ಆಯುಧಪೂಜೆ ಮುಗಿದ ವಾರ ರೇಷ್ಮೆ ಸೀರೆಯುಟ್ಟು ಬ್ಯಾಟರಿ ದೋಣಿ ಹತ್ತಿದಳು. ದಡ ಬಿಟ್ಟ ಸ್ವಲ್ಪ ಹೊತ್ತಿಗೇ ಮೋಟಾರು ಗೊರಗೊರ ಎಂದು ನಿಂತಿತು. ಹಗ್ಗ ಕಟ್ಟಿ ಎಳೆದು ತಂದೆವು. ‘ನನ್ನ ಹಣೇಲಿ ಬರೆದಿಲ್ಲ ಬಿಡು’ ಎಂದು ನಗುತ್ತಲೇ ಹೇಳಿದಳು. ಮನೆಗೆ ಬಂದು ಸೀರೆಯನ್ನು ಟ್ರಂಕಿನ ತಳಕ್ಕೆ ಸೇರಿಸಿದಳು. ಅದು ನನಗೂ ದಾಕ್ಷಾಯಣಮ್ಮನವರಿಗೂ ಚುಚ್ಚಿತು. ಭಾನುವಾರ ಅಜ್ಜಿಯ ಹುಟ್ಟುಹಬ್ಬ. ‘ಅವತ್ತು ಕೆರೆ ಸುತ್ತಿಸ್ತೀನಿ’ ಎಂದು ಅವರು ಮಾತು ಕೊಟ್ಟರು.

ಶನಿವಾರ ನಾನು ಶುರು ಹಚ್ಚಿಕೊಂಡೆ. ಬ್ಯಾಟರಿಗೆ ಡಿಸ್ಟಿಲ್ಡ್ ವಾಟರ್ ತುಂಬಿದೆ. ಆಫೀಸಿನಿಂದ ಬೇರೆ ಚಾರ್ಜರ್ ತಂದೆ. ಅದರ ಮೀಟರಿನ ಮುಳ್ಳು ಅಲ್ಲಾಡಲಿಲ್ಲ.

‘ಏನ್ ಇಂಜಿನಿಯರೇ, ಕರೆಂಟು ಒಳಗೆ ಹೋಗ್ತಾ ಇದ್ಯಾ?’ ದಾಕ್ಷಾಯಣಮ್ಮ ಬಗ್ಗಿ ನೋಡಿದರು.

‘ಬ್ಯಾಟರಿ ಹಳೇದಾಯ್ತು ಆಂಟಿ’ ಎಂದೆ. ಗೊತ್ತಿಲ್ಲ ಎಂಬುದನ್ನು ನಮ್ಮ ಕಂಪನಿಯಲ್ಲಿ ಹಾಗೆ ಹೇಳುತ್ತಾರೆ.

‘ಹೊಸದು! ಆಯುಧಪೂಜೆ ದಿನ ನಾನೇ ಪೂಜೆ ಮಾಡಿದೀನಿ. ಸರಿ ಏಳು, ಇನ್ನೊಂದ್ಸಲ ಮಾಡೋಣ.’

ಹಳೆಯ ಪೂಜೆ ತೆಗೆಯಲು ಅವರು ವೈರುಗಳ ಕ್ಲಾಂಪು ಬಿಚ್ಚಿಸಿದರು. ನೋಡಿದರೆ, ಬ್ಯಾಟರಿಯ ಮೇಲೆ ವೈರು ಕೂರುವ ಎರಡೂ ಕಂಬಕ್ಕೆ ದಪ್ಪಗೆ ವಿಭೂತಿ! ನೀರಲ್ಲಿ ಕಲಸಿ ಬಳಿದದ್ದು ಒಣಗಿ ಸುಣ್ಣದ ಗೋಡೆಯಾಗಿತ್ತು. ಅದರ ಮೇಲೆಯೇ ಕ್ಲಾಂಪು ಬಿಗಿದಿದ್ದರು.

‘ಆಂಟಿ, ಇಲ್ಲಿ ಯಾಕೆ ಹಚ್ಚಿದ್ರಿ?’

‘ಮತ್ತೆಲ್ಲಿ? ಅದೇ ಅಲ್ವಾ ಅದರ ಹಣೆ?’

ಪೂಜೆಯ ಹಿತ್ತಾಳೆ ದೀಪ ಬೆಳಗಲೆಂದು ಇಟ್ಟಿದ್ದ ಹುಣಸೆಹಣ್ಣಿನಿಂದ ಅವರು ಉಜ್ಜಿದರು. ನಾನು ನೀರು ಹಾಕಿ ಒರೆಸಿ ಕ್ಲಾಂಪು ಬಿಗಿದೆ. ಚಾರ್ಜರಿನ ಮುಳ್ಳು ಚಂಗನೆ ನೆಗೆಯಿತು. ಅವರು ಆಗಲೇ ವಿಭೂತಿ ಗಟ್ಟಿ ತೇಯುತ್ತಿದ್ದರು.

‘ಈ ಸಲ ಹಣೆ ಬೇಡ ಆಂಟಿ, ಹೊಟ್ಟೆಗಿಡಿ!’

‘ಹೊಟ್ಟೆಗೂ ಇಡ್ತೀವಪ್ಪ ನಾವು, ಮೈತುಂಬ ಇಡ್ತೀವಿ. ಪೂಜೆ ಮಾಡ್ತೀನಿ ಅಂದಿದ್ದಕ್ಕೇ ಸರಿಹೋಯ್ತು ನೋಡು.’

ನನ್ನಿಂದಂತೂ ಸರಿಹೋಗಿರಲಿಲ್ಲ.

ಭಾನುವಾರ ಸೀರೆ ಟ್ರಂಕಿನಿಂದ ಹೊರಬಂತು. ದೋಣಿ ಕೆರೆಯ ನಡುವಿಗೆ ಸುಯ್ಯೆಂದು ಹೋಯಿತು. ಅಲ್ಲಿ ಅಜ್ಜಿ ಕೈಯೆತ್ತಿದಳು.

‘ದಾಕ್ಷಾಯಣಿ, ಆ ಮೋಟಾರು ಆರಿಸೇ. ಏನು ಗಲಾಟೆ! ನೀರಿನ ಸದ್ದೇ ಕೇಳ್ತಿಲ್ಲ.’

ನಾನು ಎಳೆಯುವ ಹಗ್ಗಕ್ಕಾಗಿ ತಡಕಾಡಿದೆ. ದಾಕ್ಷಾಯಣಮ್ಮ ನಗುತ್ತಾ ಸ್ವಿಚ್ ಆರಿಸಿದರು. ಅಜ್ಜಿ ನೀರಿಗೆ ಕೈಯಿಳಿಬಿಟ್ಟು, ಬಳೆಗಳನ್ನು ತೋಯಿಸಿಕೊಂಡು ಕೂತಳು.