ಸಾಹೇಬರಿಗೊಂದು ಮಾನಪತ್ರ

ಸನ್ಮಾನವೆಂಬುದು ಯೋಗ್ಯತೆಗೆ ಸಮಾಜ ಸಲ್ಲಿಸುವ ಗೌರವ. ನಮ್ಮ ಶಹಾಪುರದಲ್ಲಿ ಅದನ್ನು ಹೆಚ್ಚಾಗಿ ವರ್ಗವಾಗಿ ಹೋಗುವವರಿಗೆ ಸಲ್ಲಿಸುತ್ತಾರೆ, ಅಂತೂ ಹೊರಟರಲ್ಲ ಎಂಬ ಸಂತೋಷಕ್ಕೆ.

ಮೊನ್ನೆ ನಿವೃತ್ತನಾದಾಗ ನನ್ನ ಕೊರಳಿಗೂ ಒಂದು ಚೆಂಡುಹೂವಿನ ಹಾರ ಬಿತ್ತು. ಆ ಕಹಿ ಹಸಿರು ವಾಸನೆ ಮೂಗಿಗೆ ಹತ್ತಿದ್ದೇ ತಡ, ಭಾಷಣಗಳು ಕೇಳಿಸದಾದವು. ನಷ್ಟವೇನೂ ಆಗಲಿಲ್ಲ. ನೆನಪಾದವಳು ಬಸ್ ನಿಲ್ದಾಣದ ಎದುರು ಕೂರುತ್ತಿದ್ದ ಹೂವಿನಕ್ಕ…

ಊರಿನ ಸನ್ಮಾನಗಳಿಗೆಲ್ಲ ಹಾರ ಆಕೆಯದು, ಮಾನಪತ್ರ ನನ್ನದು. ನಾನು ಕನ್ನಡ ಮಾಸ್ತರ. ಸಾಹೇಬರ ಗುಣಗಾನ ಬರೆದು, ಚೌಕಟ್ಟು ಹಾಕಿಸಿ, ವೇದಿಕೆಯ ಮೇಲೆ ಓದುವುದು ನನ್ನ ಪಾಲಿಗೆ ಬಂದ ಸುಳ್ಳು.

ಮೂತ್ರಪಿಂಡ ಕೆಟ್ಟ ಮೇಲೆ ಹೂವಿನಕ್ಕ ವಾರಕ್ಕೆರಡು ದಿನ ಡಯಾಲಿಸಿಸ್‌ಗೆಂದು ಯಾದಗಿರಿಗೆ ಹೋಗತೊಡಗಿದಳು. ಸೂಜಿ ಚುಚ್ಚುವ ಎಡಗೈ ನರ ಹಗ್ಗದಂತೆ ಉಬ್ಬಿತ್ತು. ಹೋದ ದಿನ ದುಡಿಮೆ ಇಲ್ಲ, ಮರುದಿನ ತ್ರಾಣ ಇಲ್ಲ. ಅಲ್ಲಿ ಅಕ್ಕಪಕ್ಕ ಮಲಗುತ್ತಿದ್ದ ನಮ್ಮ ತಾಲ್ಲೂಕಿನವರನ್ನು ಸೇರಿಸಿದಳು. ತನ್ನೊಡನೆ ಹನ್ನೊಂದು ಮಂದಿ. ಅಂಗವಿಕಲರಿಗೆ ಕೊಡುವ ಮಾಸಾಶನ ಇಂಥ ವಾಸಿಯಾಗದ ಜಡ್ಡಿನವರಿಗೂ ಸಿಗಲಿ ಎಂದು ನನ್ನಿಂದ ಅರ್ಜಿ ಬರೆಸಿದಳು. ಅದು ಮೇಲೆ ಹೋಗಲು ತಾಲ್ಲೂಕಿನ ಸಾಹೇಬರ ಶಿಫಾರಸು ಬೇಕಿತ್ತು. ಸಾಹೇಬರು ಒಂಬತ್ತು ಸಲ ವಾಪಸು ಕಳಿಸಿದರು. ಒಂಬತ್ತನೆಯ ಸಲ ಆ ಹನ್ನೊಂದು ಮಂದಿಯಲ್ಲಿ ಸಗರ ಊರಿನ ಬಡಗಿಯೊಬ್ಬ ನಿಲ್ಲಲಾರದೆ ಅವರ ಮೇಜು ಹಿಡಿದುಕೊಂಡ.

"ಕೈಕಾಲು ನೆಟ್ಟಗ ಅದಾವಲ್ಲ? ಒಂದು ಕಾಲು ಹೋದ ಮ್ಯಾಲ ಬಾ," ಎಂದರು ಸಾಹೇಬರು.

ಹದಿನೈದು ದಿನದಲ್ಲಿ ಬಡಗಿ ಹೋದ. ಅದೇ ತಿಂಗಳು ಸಾಹೇಬರಿಗೆ ಬಡ್ತಿಯಾಗಿ ಯಾದಗಿರಿಗೆ ವರ್ಗವಾಯಿತು. ಹೂವಿನಕ್ಕ ನನ್ನ ಮನೆಗೆ ಬಂದಳು.

"ಮಾಸ್ತರ, ಈ ಸಲ ಸನ್ಮಾನ ನಮ್ಮ ಜಡ್ಡಿನ ಮಂದೀದು. ನಾ ಹೇಳ್ತೀನಿ, ನೀವು ಬರೀರಿ."

"ನಾ ಬೈಗುಳಾ ಬರಿಯೂದಿಲ್ಲ ನೋಡಕ್ಕ."

"ಬೈಗುಳಾ ಯಾಕ್ರೀ? ಅವ ಅಂದದ್ದಷ್ಟ ಬರೀರಿ. ಅದಕ್ಕಿಂತ ಹೊಲಸು ನನಗೂ ಬರೂದಿಲ್ಲ."

ಆಕೆ ಕಟ್ಟಿದ ಹಾರ ಎಂಟು ಕಿಲೋ ಇತ್ತು. ಹಾಕಿಸಿಕೊಂಡವರು ಇನ್ನೊಬ್ಬರ ಆಸರೆಯಿಲ್ಲದೆ ಕುರ್ಚಿಯಿಂದ ಏಳುವಂತಿರಲಿಲ್ಲ. ಮಾನಪತ್ರ ಮುಗಿಯುವ ತನಕ ಹಾರ ತೆಗೆಯಬಾರದೆಂಬುದು ಶಿಷ್ಟಾಚಾರ. ಮೇಲಧಿಕಾರಿಗಳು ಪಕ್ಕದಲ್ಲೇ ಕುಳಿತಿದ್ದರು. ನಾನು ಯಾವ ಅವಸರವೂ ಇಲ್ಲದೆ ಓದಿದೆ: "ದಯಾಸಾಗರರೇ, ಎದ್ದು ನಿಲ್ಲಲಾರದ ಬಡಗಿಗೆ ತಾವು 'ಒಂದು ಕಾಲು ಹೋದ ಮ್ಯಾಲ ಬಾ' ಎಂದು ಅಪ್ಪಣೆ ಕೊಡಿಸಿದಿರಿ. ಆತ ಪ್ರಾಣವನ್ನೇ ಒಪ್ಪಿಸಿ ತಮ್ಮ ಅಪ್ಪಣೆಯನ್ನು ಮೀರಿ ನಡೆದನು…"

ಜನ ರೂಢಿಯಂತೆ ಚಪ್ಪಾಳೆ ತಟ್ಟಿದರು. ಆಮೇಲೆ ಅರ್ಥವಾಗಿ ನಿಲ್ಲಿಸಿದರು. ಮುಂದಿನ ಸಾಲಿನಲ್ಲಿ ಬಡಗಿಯ ಹೆಂಡತಿ ಮಾತ್ರ ತಟ್ಟುತ್ತಲೇ ಇದ್ದಳು.

ಹೂವಿನಕ್ಕ ಹಣ್ಣಿನ ತಟ್ಟೆಯಲ್ಲಿ ಅರ್ಜಿ, ಪೆನ್ನು ಇಟ್ಟು ಮುಂದೆ ಹಿಡಿದಳು. "ಸಹಿ ಮಾಡ್ರಿ ಸಾಹೇಬ್ರ. ಇಲ್ಲಂದ್ರ ಇನ್ನಾ ಹತ್ತು ಮಂದಿಗೆ ನೀವು ಅಂದದ್ದು ಓದೂದದ."

ಸಾಹೇಬರು ಸಹಿ ಮಾಡಿದರು. ಬಸ್ ನಿಲ್ದಾಣದವರೆಗೂ ಆಕೆ ನಕ್ಕಳು. ಉಸಿರು ಸಾಲದೆ ಎರಡು ಕಡೆ ಕುಳಿತು, ಕುಳಿತಲ್ಲೂ ನಕ್ಕಳು.

ನಾವು ಮಾಡಿದ ತಪ್ಪು ಒಂದೇ. ಸಾಹೇಬರು ಯಾದಗಿರಿಗೆ ಹೋಗುತ್ತಾರೆಂದು ಗೊತ್ತಿತ್ತು, ಯಾವ ಮೇಜಿಗೆ ಎಂದು ಕೇಳಲಿಲ್ಲ. ಮೂರು ತಿಂಗಳ ಮೇಲೆ ಅರ್ಜಿ ವಾಪಸು ಬಂತು: "ಕೆಳಗಿನ ಅಧಿಕಾರಿಯ ಶಿಫಾರಸು ಸಮಂಜಸವಾಗಿಲ್ಲ." ಕೆಳಗಿನ ಅಧಿಕಾರಿ ಅವರೇ, ಮೇಲಿನವರೂ ಅವರೇ. ಇಷ್ಟು ನಿಷ್ಠುರವಾದ ಆತ್ಮವಿಮರ್ಶೆಯನ್ನು ನಾನು ಇನ್ನೊಬ್ಬರಲ್ಲಿ ಕಂಡಿಲ್ಲ.

"ಅವ ರಿಟೈರ್ ಅಂತೂ ಆಗ್ತಾನಲ್ಲ ಮಾಸ್ತರ?" ಎಂದಳು ಹೂವಿನಕ್ಕ. "ಅವತ್ತು ಹತ್ತು ಕಿಲೋದು ಕಟ್ತೀನಿ." ಮುಂದಿನ ಮಳೆಗಾಲ ಮುಗಿಯುವುದರೊಳಗೆ ಆಕೆಯೂ ಹೋದಳು… ಆ ಜಾಗದಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ.

ಕ್ಷಮೆ ದೊಡ್ಡ ಗುಣವೆಂದು ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ್ದೇನೆ. ಅದು ಪರೀಕ್ಷೆಗೆ. ಸಾಹೇಬರು ಹೋದ ವರ್ಷ ನಿವೃತ್ತರಾದರು. ನಾನು ಫೋನು ಮಾಡಿ, ಮಾನಪತ್ರ ಸಿದ್ಧವಿದೆ, ಯಾವತ್ತು ಬರಲಿ ಎಂದು ಕೇಳಿದೆ. ಯಾರಿಂದಲೂ ಸನ್ಮಾನ ಬೇಡವೆಂದು ಅವರು ಅಂದೇ ಊರು ಬಿಟ್ಟರು.

ಅರ್ಜಿಯನ್ನು ಮತ್ತೆ ಕೊಟ್ಟಿದ್ದೇವೆ. ಹನ್ನೊಂದು ಮಂದಿಯಲ್ಲಿ ನಾಲ್ವರಿದ್ದಾರೆ. ಮಾಸಾಶನ ಇನ್ನೂ ಯಾರಿಗೂ ಬಂದಿಲ್ಲ.